ವಿರಾಜಪೇಟೆಯಿಂದ ಶಾರ್ತ್ರಕ್ಕೆ: ಎಂಟುನೂರು ವರ್ಷದ ಗಾಜು ನೋಡಿ ಬಂದೆ

ಮಳೆಗಾಲ ಹಿಡಿಯಿತೆಂದರೆ ನಮ್ಮ ಅಂಗಡಿಗೆ ಬಿಡುವಿಲ್ಲ. ಸಿಲ್ವರ್ ಓಕ್ ಕೊಂಬೆ ಬಿದ್ದು ಕಿಟಕಿ ಹೋದವರು, ಗಾಳಿಗೆ ಬಾಗಿಲು ಬಡಿದು ಗಾಜು ಸೀಳಿದವರು, ಪುಟ್ಟಿ ಕಳಚಿ ಎರಚಲು ಒಳಗೆ ಬರುತ್ತಿದೆ ಎನ್ನುವವರು, ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ವಿರಾಜಪೇಟೆಯಲ್ಲಿ ಅಪ್ಪ ಶುರು ಮಾಡಿದ ಗಾಜು ಮತ್ತು ಫೋಟೋ ಫ್ರೇಮಿನ ಅಂಗಡಿ ನಮ್ಮದು. ನಾನು ಅಲ್ಲಿ ಕೂರಲು ಶುರು ಮಾಡಿ ಮೂವತ್ತೊಂದು ವರ್ಷವಾಯಿತು. ನಾನೇ ಹಾಕಿದ ಗಾಜನ್ನು ಅದೇ ಕಿಟಕಿಗೆ ಎರಡನೇ ಸಲ, ಮೂರನೇ ಸಲ ಹಾಕಿದ್ದೂ ಉಂಟು. ಗಾಜು ಎಷ್ಟು ವರ್ಷ ಬಾಳುತ್ತದೆ ಎಂದು ಗಿರಾಕಿ ಕೇಳಿದರೆ ಮಳೆಗಾಲದ ಲೆಕ್ಕದಲ್ಲೇ ಉತ್ತರ ಕೊಡುತ್ತಿದ್ದೆ.

ಫ್ರಾನ್ಸಿನ ಶಾರ್ತ್ರ ಎಂಬ ಊರಿನ ಕೆಥೆಡ್ರಲ್‌ನಲ್ಲಿ ಎಂಟುನೂರು ವರ್ಷದ ಹಿಂದೆ ಕೂರಿಸಿದ ಬಣ್ಣದ ಗಾಜು ಇವತ್ತಿಗೂ ಅದೇ ಕಿಟಕಿಗಳಲ್ಲಿದೆ ಎಂದು ಪ್ಯಾರಿಸ್‌ನಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ‘ಬಂದು ನೋಡಿ ಅಪ್ಪ, ಆಮೇಲೆ ಹೇಳಿ’ ಎಂದಳು. ಕಳೆದ ಸೆಪ್ಟೆಂಬರ್‌ನಲ್ಲಿ ಕೈಲ್‌ಮುಹೂರ್ತ ಹಬ್ಬ ಮುಗಿದು ಮಳೆ ಸ್ವಲ್ಪ ಹಿಂದೆ ಸರಿದ ಮೇಲೆ ನಾನೂ ನನ್ನ ಹೆಂಡತಿಯೂ ಹೊರಟೆವು. ಟಿಕೆಟ್ ಮಾಡಿಸಿದ ಏಜೆನ್ಸಿಯವರು ‘ಚರ್ಚ್ ಅಲ್ವಾ ಸಾರ್, ಪ್ಯಾರಿಸ್‌ನಲ್ಲೇ ಬೇಕಾದಷ್ಟಿವೆ, ಅಲ್ಲಿಗೆ ಹೋದರೆ ಒಂದು ದಿನ ದಂಡ’ ಎಂದಿದ್ದರು. ಆ ಮಾತು ಕೇಳಿ ಸುಮ್ಮನಾಗಿದ್ದರೆ ನನ್ನ ಕಸುಬಿನ ಅತಿ ದೊಡ್ಡ ಕೆಲಸವನ್ನು ಕಾಣದೆಯೇ ಅಂಗಡಿ ಮುಚ್ಚುವ ವಯಸ್ಸಿಗೆ ಬಂದಿರುತ್ತಿದ್ದೆ. ಯುರೋಪ್ ಟೂರ್ ಎಂದು ಹೋಗಿ ಐಫೆಲ್ ಟವರ್ ಕೆಳಗೆ ಫೋಟೋ ತೆಗೆಸಿಕೊಂಡು ಬರುವವರು ಈಗ ನಮ್ಮ ಕೊಡಗಿನಲ್ಲೂ ಬಹಳ ಮಂದಿ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶಾರ್ತ್ರದ ಕೆಥೆಡ್ರಲ್ ಗಾಥಿಕ್ ಶೈಲಿಯದು, ಅಂದರೆ ಚೂಪು ಕಮಾನಿನ ಹಳೆಯ ಯುರೋಪಿನ ಶೈಲಿ. ಅಂಥ ಕಟ್ಟಡ ನಮಗೆ ತೀರ ಹೊಸದಲ್ಲ. 1792ರಲ್ಲಿ ದೊಡ್ಡವೀರರಾಜೇಂದ್ರನ ಕಾಲದಲ್ಲಿ ನೆಲೆಯೂರಿದ ಸಂತ ಅನ್ನಮ್ಮನವರ ಚರ್ಚಿನ ಗೋಪುರ ನೋಡದೆ ವಿರಾಜಪೇಟೆಯಲ್ಲಿ ಬೆಳೆದವರಿಲ್ಲ. ಮಡಿಕೇರಿ ಕೋಟೆಯೊಳಗೆ 1859ರ ಸೇಂಟ್ ಮಾರ್ಕ್ಸ್ ಚರ್ಚ್ ಇದೆ, ಈಗ ಅದು ಮ್ಯೂಸಿಯಂ. ಅದರ ಚೂಪು ಕಮಾನಿನ ಕಿಟಕಿಯಲ್ಲಿ ಬಣ್ಣದ ಗಾಜಿದೆ. ಸಣ್ಣವನಿದ್ದಾಗ ಅಪ್ಪ ನನ್ನನ್ನು ಅದರ ಮುಂದೆ ನಿಲ್ಲಿಸಿ ‘ಇದು ಪೇಂಟ್ ಅಲ್ಲ ಮಗಾ, ಗಾಜೇ ಬಣ್ಣ’ ಎಂದಿದ್ದರು. ಶಾರ್ತ್ರಕ್ಕೆ ಹೊರಡುವಾಗ ನನ್ನ ಬಳಿ ಇದ್ದ ಜ್ಞಾನ ಅಷ್ಟೇ.

ಪ್ಯಾರಿಸ್‌ನ ಮೊಂಪರ್ನಾಸ್ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಊರು ಪ್ಯಾರಿಸ್‌ನ ನೈರುತ್ಯಕ್ಕೆ, ಸುಮಾರು 80 ಕಿಲೋಮೀಟರ್ ದೂರ. ಸುತ್ತಲೂ ಗೋಧಿ ಬೆಳೆಯುವ ಬಯಲು. ನಾವು ಹೋದಾಗ ಕೊಯ್ಲು ಮುಗಿದು ಹೊಲ ಬರಿದಾಗಿತ್ತು. ಬೆಟ್ಟದ ಹಿಂದೆ ಬೆಟ್ಟ ನೋಡಿ ಬೆಳೆದ ಕಣ್ಣಿಗೆ ಅಷ್ಟು ಚಪ್ಪಟೆಯಾದ ನೆಲವೇ ಒಂದು ಆಶ್ಚರ್ಯ. ಆ ಚಪ್ಪಟೆ ನೆಲದ ಅಂಚಿನಲ್ಲಿ ಊರು ಕಾಣುವ ಮೊದಲೇ ಎರಡು ಗೋಪುರ ಎದ್ದು ಕಾಣುತ್ತವೆ, ಎರಡೂ ಒಂದೇ ಥರ ಇಲ್ಲ. ದಕ್ಷಿಣದ್ದು 105 ಮೀಟರ್, 12ನೇ ಶತಮಾನದ್ದು, ಅಲಂಕಾರವಿಲ್ಲದೆ ನೇರವಾಗಿ ಮೇಲೇಳುತ್ತದೆ. ಉತ್ತರದ್ದು 113 ಮೀಟರ್. ಹಳೆಯದು ಸಿಡಿಲಿಗೆ ಹೋದ ಮೇಲೆ 16ನೇ ಶತಮಾನದ ಆರಂಭದಲ್ಲಿ ಜೆಹಾನ್ ದ ಬೋಸ್ ಎಂಬಾತ ಕಟ್ಟಿದ್ದು, ತುಂಬ ಕುಸುರಿ ಕೆಲಸವಿದೆ. ನನ್ನ ಮನಸ್ಸಿಗೆ ಹಿಡಿಸಿದ್ದು ದಕ್ಷಿಣದ್ದು.

ಒಳಗೆ ಹೋಗಲು ಟಿಕೆಟ್ ಇಲ್ಲ. ಗೋಪುರ ಹತ್ತಲು, ನೆಲಮಾಳಿಗೆಯ ಹಳೆಯ ಗುಡಿ ನೋಡಲು ಬೇರೆ ಹಣ ಕೊಡಬೇಕು. ನಾವು ಹೋದಾಗ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಏಳೂವರೆವರೆಗೆ ಬಾಗಿಲು ತೆರೆದಿತ್ತು. ಪೂಜೆ ನಡೆಯುವಾಗ ಮಾತ್ರ ಸುತ್ತಾಡುವಂತಿಲ್ಲ. ಪೂಜೆ ನಡೆಯುವ ದೇವಾಲಯ ಇದು ಎಂಬುದನ್ನು ನಮ್ಮವರು ಮರೆಯಬಾರದು.

ಹೊಸ್ತಿಲು ದಾಟಿದ ಕೂಡಲೇ ನನ್ನ ಹೆಂಡತಿ ನಿಂತುಬಿಟ್ಟಳು. ‘ರೀ, ಚಪ್ಪಲಿ ಎಲ್ಲಿ ಬಿಡೋದು?’ ಇಲ್ಲಿ ಬಿಡುವುದಿಲ್ಲ ಎಂದು ಮಗಳು ಹೇಳಿದಳು. ಹೆಂಡತಿಯ ಮನಸ್ಸು ಒಪ್ಪಲಿಲ್ಲ. ಮೂಲೆಯಲ್ಲಿ ಶೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಎರಡು ದಿನವೂ ಸಾಕ್ಸ್‌ನಲ್ಲೇ ಓಡಾಡಿದಳು. ಕಲ್ಲು ಥಂಡಿ, ಆದರೂ ಬಿಡಲಿಲ್ಲ. ಯಾರೂ ಏನೂ ಅನ್ನಲಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಒಳಗೆ ಹೋದ ತಕ್ಷಣ ಮೊಬೈಲ್ ಎತ್ತಬೇಡಿ. ಹೊರಗಿನ ಬೆಳಕಿನಿಂದ ಬಂದ ಕಣ್ಣಿಗೆ ಮೊದಲು ಏನೂ ಸರಿಯಾಗಿ ಕಾಣುವುದಿಲ್ಲ. ಹುಲ್ಲು ಹೆಣೆದ ಕುರ್ಚಿಗಳಿವೆ, ಒಂದರ ಮೇಲೆ ಕೂತು ಕಾಲು ಗಂಟೆ ಸುಮ್ಮನಿರಿ. ನಾವು ಹೋದ ಗುರುವಾರ ಬೆಳಿಗ್ಗೆ ಮೋಡ ಮುಚ್ಚಿತ್ತು, ಸಣ್ಣಗೆ ಹನಿ ಬೀಳುತ್ತಿತ್ತು. ಹಾಳಾದ ದಿನಕ್ಕೆ ಬಂದೆವಲ್ಲ ಎಂದು ಮಗಳು ಪೇಚಾಡಿಕೊಂಡಳು. ಕೂತು ಹತ್ತು ನಿಮಿಷವಾಗುವಷ್ಟರಲ್ಲಿ ನೀಲಿ ಬರಲು ಶುರುವಾಯಿತು. ‘ಬರಲು’ ಎಂದೇ ಹೇಳಬೇಕು, ಬೇರೆ ಮಾತಿಲ್ಲ. ಕತ್ತಲೆಯಲ್ಲಿ ಗೋಡೆ ಹಿಂದೆ ಸರಿದು ಕಿಟಕಿ ಒಂದೊಂದೇ ಮುಂದೆ ಬಂದ ಹಾಗೆ. ಮೋಡದ ಬೆಳಕಿನಲ್ಲಿ ಕೆಂಪು ತಗ್ಗಿ ಹೋಗುತ್ತದೆ, ನೀಲಿ ಮಾತ್ರ ತಗ್ಗುವುದಿಲ್ಲ. ಮಾರನೇ ದಿನ ಒಳ್ಳೆಯ ಬಿಸಿಲಿತ್ತು, ಆಗ ಅದೇ ಕಿಟಕಿಗಳಲ್ಲಿ ಕೆಂಪೂ ಹಸಿರೂ ಎದ್ದು ನಿಂತವು. ಎರಡು ದಿನ ಎರಡು ಬೇರೆ ಕೆಥೆಡ್ರಲ್ ನೋಡಿದ ಹಾಗಾಯಿತು. ಕಕ್ಕಡ ಮಾಸದ ಮಬ್ಬಿನಲ್ಲಿ ಬೆಳೆದ ನಾವು ಮೋಡದ ದಿನವನ್ನು ಬಿಡಲೇಬಾರದು.

ಲೆಕ್ಕ ಹೇಳುತ್ತೇನೆ. ಒಟ್ಟು 176 ಕಿಟಕಿ. ಅವುಗಳಲ್ಲಿ 152ರ ಹಳೆಯ ಗಾಜು ಉಳಿದಿದೆ. ಎಲ್ಲ ಸೇರಿ ಸುಮಾರು 2,600 ಚದರ ಮೀಟರ್ ಗಾಜು. ನಮ್ಮ ಅಂಗಡಿಯ ಲೆಕ್ಕ ಚದರಡಿಯಲ್ಲಿ, ಹಾಗೆ ನೋಡಿದರೆ 28,000 ಚದರಡಿ ಹತ್ತಿರ. ಅದೂ ಇಡೀ ಹಾಳೆಯಲ್ಲ. ಅಂಗೈ ಅಗಲದ, ಬೆರಳಗಲದ ಚೂರುಗಳನ್ನು ಸೀಸದ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿದ್ದು. ಇಷ್ಟು ಗಾಜಿಗೆ ಜಾಗ ಎಲ್ಲಿಂದ ಬಂತು ಎಂದು ನೋಡಲು ಒಮ್ಮೆ ಕಟ್ಟಡದ ಹೊರಗೆ ಸುತ್ತು ಹಾಕಬೇಕು. ಒಳಗಿನ ಕಲ್ಲಿನ ಚಾವಣಿ ಸುಮಾರು 37 ಮೀಟರ್ ಎತ್ತರದಲ್ಲಿದೆ. ಅದರ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹೊರಗಡೆಯಿಂದ ಕಲ್ಲಿನ ಕಮಾನುಗಳು ಕೈಚಾಚಿ ಹಿಡಿದುಕೊಂಡಿವೆ, ಗೊನೆ ಬಿಟ್ಟ ಬಾಳೆಗೆ ಊರುಗೋಲು ಕೊಟ್ಟ ಹಾಗೆ. ಭಾರ ಹೊರುವ ಕೆಲಸ ಹೊರಗೆ ಹೋದ ಮೇಲೆ ಗೋಡೆ ದಪ್ಪವಿರಬೇಕಾಗಿಲ್ಲ, ಕಿಟಕಿಗೆ ಬಿಟ್ಟುಕೊಡಬಹುದು. 2018ರ ಮಳೆಯಲ್ಲಿ ಗುಡ್ಡ ಜಾರಿದ ಮೇಲೆ ನಮ್ಮ ರಸ್ತೆಗಳ ಪಕ್ಕ ತಡೆಗೋಡೆ ಕಟ್ಟುವುದನ್ನು ದಿನಾ ನೋಡಿದವನು ನಾನು. ತಳ್ಳುವ ಭಾರ ಎಂದರೆ ಏನೆಂದು ಗೊತ್ತಿರುವವರಿಗೆ ಆ ಕಮಾನುಗಳ ಕೆಳಗೆ ನಿಂತಾಗ ಮೈ ಜುಮ್ಮೆನ್ನುತ್ತದೆ.

ಈಗಿನ ಕಟ್ಟಡದ ಬಹುಭಾಗ 1194ರ ಬೆಂಕಿಯ ನಂತರದ್ದು. ಆ ವರ್ಷ ಊರಿನ ಹಳೆಯ ಕೆಥೆಡ್ರಲ್ ಸುಟ್ಟುಹೋಯಿತು. ಮಾತೆ ಮರಿಯಮ್ಮ ಉಟ್ಟಿದ್ದೆಂದು ಭಕ್ತರು ನಂಬುವ ವಸ್ತ್ರವೊಂದು ಅಲ್ಲಿತ್ತು. 876ರಲ್ಲಿ ಚಾರ್ಲ್ಸ್ ಎಂಬ ದೊರೆ ಕೊಟ್ಟದ್ದು ಅದು. ಬೆಂಕಿಯಲ್ಲಿ ಅದು ಹೋಯಿತೆಂದು ಜನ ಅತ್ತರಂತೆ, ಆಮೇಲೆ ಸುರಕ್ಷಿತವಾಗಿ ಸಿಕ್ಕಿತು. ಆ ಉತ್ಸಾಹದಲ್ಲಿ ಕಟ್ಟಲು ತೊಡಗಿದವರು 1220ರ ಹೊತ್ತಿಗೆ ಮುಖ್ಯ ಕಟ್ಟಡ ಎಬ್ಬಿಸಿಬಿಟ್ಟರು. 1260ರಲ್ಲಿ ಪ್ರತಿಷ್ಠೆಯಾಯಿತು. ಇಷ್ಟು ದೊಡ್ಡ ಕೆಲಸಕ್ಕೆ ಅದು ಬಹಳ ಬೇಗ, ಅದಕ್ಕೇ ಇಡೀ ಕಟ್ಟಡ ಒಂದೇ ಮನಸ್ಸಿನಿಂದ ಆದ ಹಾಗೆ ಕಾಣುತ್ತದೆ.

ಪಶ್ಚಿಮದ ಗೋಡೆ ಆ ಬೆಂಕಿಯಲ್ಲಿ ಉಳಿಯಿತು, ಅದರ ಮೂರು ಎತ್ತರದ ಕಿಟಕಿಗಳೂ ಉಳಿದವು. ಇಲ್ಲಿರುವ ಅತಿ ಹಳೆಯ ಗಾಜುಗಳಲ್ಲಿ ಅವು ಸೇರುತ್ತವೆ, ಸುಮಾರು 1150ರವು. ಒಳಗಿನಿಂದ ಮುಖ್ಯ ಬಾಗಿಲಿಗೆ ಮುಖ ಮಾಡಿ ನಿಂತರೆ ಬಲಗಡೆಯದರಲ್ಲಿ ಕೆಳಗೆ ಒಬ್ಬ ಮುದುಕ ಮಲಗಿದ್ದಾನೆ, ಹೆಸರು ಜೆಸ್ಸೆ. ಅವನ ದೇಹದಿಂದ ಒಂದು ಮರ ಎದ್ದು, ಅದರ ಕೊಂಬೆಗಳಲ್ಲಿ ಒಬ್ಬರ ಮೇಲೊಬ್ಬರು ರಾಜರು ಕೂತು, ಮೇಲೆ ಮರಿಯಮ್ಮ, ತುದಿಯಲ್ಲಿ ಯೇಸು. ಯೇಸುವಿನ ವಂಶವೃಕ್ಷ ಅದು. ನನ್ನ ಹೆಂಡತಿ ಬಹಳ ಹೊತ್ತು ನೋಡಿ ‘ಅನಂತಶಯನನ ಹಾಗೇ ಇದೆಯಲ್ಲಾ’ ಎಂದಳು. ಮಲಗಿದವನ ಹೊಕ್ಕುಳಿಂದ ಕಮಲ ಎದ್ದು ಅದರಲ್ಲಿ ಬ್ರಹ್ಮ ಕೂತ ಚಿತ್ರ ನೋಡಿ ಬೆಳೆದವರಿಗೆ ಆ ಕಿಟಕಿ ಅರ್ಥವಾಗಲು ಗೈಡ್ ಬೇಕಾಗಿಲ್ಲ.

ಆ ಮೂರು ಕಿಟಕಿಯ ನೀಲಿಯನ್ನು ನಾನು ಹೇಗೆ ವರ್ಣಿಸಲಿ? ಮಡಿಕೇರಿ ರಾಜಾಸೀಟಿನಿಂದ ಸೂರ್ಯ ಮುಳುಗಿ ಕಾಲು ಗಂಟೆ ಆದ ಮೇಲೆ ಕೊನೆಯ ಬೆಟ್ಟದ ಸಾಲಿನ ಮೇಲೆ ಒಂದು ನೀಲಿ ಬರುತ್ತದೆ. ಅದಕ್ಕೆ ಒಳಗಿನಿಂದ ದೀಪ ಹಚ್ಚಿದರೆ ಹೇಗೋ ಹಾಗೆ. ಕೋಬಾಲ್ಟ್‌ನಿಂದ ಬಂದ ಬಣ್ಣ. ನನಗೆ ಹೆಚ್ಚು ಬೆರಗಾದದ್ದು ಅದು ಇಷ್ಟು ಚೆನ್ನಾಗಿ ಉಳಿದ ಕಾರಣ. ಆ ಕಾಲದಲ್ಲಿ ಸಾಮಾನ್ಯವಾಗಿ ಮರಳಿಗೆ ಬೀಚ್ ಮರದ ಬೂದಿ ಬೆರೆಸಿ ಕುಲುಮೆಯಲ್ಲಿ ಕರಗಿಸಿ ಗಾಜು ಮಾಡುತ್ತಿದ್ದರು. ಬೂದಿಯಲ್ಲಿರುವ ಪೊಟ್ಯಾಷ್ ಸೇರಿದರೆ ಮರಳು ಬೇಗ ಕರಗುತ್ತದೆ. ಆದರೆ ಬೂದಿ ಗಾಜಿಗೆ ತೇವ ಕಂಡರೆ ಆಗುವುದಿಲ್ಲ, ಕಾಲಾಂತರದಲ್ಲಿ ಮೇಲ್ಮೈ ಕೊರೆದು ಸಣ್ಣ ಸಣ್ಣ ಕುಳಿ ಬೀಳುತ್ತವೆ. 12ನೇ ಶತಮಾನದ ಈ ನೀಲಿ ಮಾತ್ರ ಪೊಟ್ಯಾಷ್ ಬದಲು ಸೋಡಾ ಇರುವ ಗಾಜು, ಅದಕ್ಕೇ ಕೆಡದೆ ನಿಂತಿದೆ. ಗಾಜಿಗೆ ತೇವ ಏನು ಮಾಡುತ್ತದೆಂದು ನನ್ನನ್ನು ಕೇಳಬೇಕು. ಜುಲೈ ತಿಂಗಳಲ್ಲಿ ಅಂಗಡಿಯ ಸ್ಟ್ಯಾಂಡಿನಲ್ಲಿ ಒರಗಿಸಿಟ್ಟ ಎರಡು ಹಾಳೆಗಳ ನಡುವೆ ನೀರಿನ ಪಸೆ ಹೊಕ್ಕರೆ ಸಾಕು, ಕಾಮನಬಿಲ್ಲಿನ ಹಾಗೆ ಕಲೆ ಕೂತುಬಿಡುತ್ತದೆ, ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದಕ್ಕೇ ನಡುನಡುವೆ ಪೇಪರ್ ಇಡುತ್ತೇವೆ. ಒಂದು ಮಳೆಗಾಲಕ್ಕೆ ನನ್ನ ಗಾಜು ಕಲೆ ಕಟ್ಟುತ್ತದೆ. ಇಲ್ಲಿ ಎಂಟುನೂರಕ್ಕೂ ಹೆಚ್ಚು ಮಳೆಗಾಲ ಕಂಡ ಗಾಜು!

ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ. ಸಿದ್ದಾಪುರದ ನನ್ನ ಭಾವನ ತೋಟಕ್ಕೆ ಆನೆ ಇಳಿಯುತ್ತದೆ, ದೂರದಿಂದ ನೋಡಲು ಅವರು ಒಂದು ಬೈನಾಕ್ಯುಲರ್ ಇಟ್ಟುಕೊಂಡಿದ್ದಾರೆ. ಅದನ್ನೇ ಕೇಳಿ ತೆಗೆದುಕೊಂಡು ಹೋಗಿದ್ದೆ. ಅದಿಲ್ಲದಿದ್ದರೆ ಅರ್ಧ ವಿಷಯ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಕಿಟಕಿಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ತೀರ ಕೆಳಗಿನ ಚೌಕಗಳಲ್ಲಿ ಅನೇಕ ಕಡೆ ದೇವರೂ ಇಲ್ಲ, ಸಂತರೂ ಇಲ್ಲ, ಕೆಲಸ ಮಾಡುವ ಜನ ಇದ್ದಾರೆ. ನೋಹನ ಕಥೆಯ ಕಿಟಕಿಯ ಬುಡದಲ್ಲಿ ಬಡಗಿಗಳು, ಗಾಡಿಯ ಗಾಲಿ ಮಾಡುವವರು, ಪೀಪಾಯಿ ಮಾಡುವವರು. ಮಗ್ದಲದ ಮರಿಯಳ ಕಿಟಕಿಯಲ್ಲಿ ನೀರು ಹೊರುವವರು. ಶಾರ್ಲಮೇನ್ ಎಂಬ ಚಕ್ರವರ್ತಿಯ ಕಿಟಕಿಯಲ್ಲಿ ತುಪ್ಪಳದ ನಿಲುವಂಗಿಯನ್ನು ಗಿರಾಕಿಯ ಮುಂದೆ ಬಿಡಿಸಿ ತೋರಿಸುವ ವ್ಯಾಪಾರಿ. ಆ ಕೈ ಹಿಡಿದ ರೀತಿ ನಮ್ಮ ಪೇಟೆಯ ಸೀರೆ ಅಂಗಡಿಯವರದೇ. ಬ್ರೆಡ್ ಮಾಡುವವರು, ನಾಣ್ಯ ಬದಲಿಸುವವರು, ಮೀನು ಮಾರುವವರು, ಹೀಗೆ ಊರಿನ ಸಂತೆಯೇ ಅಲ್ಲಿದೆ. ಈ ಕಸುಬಿನವರೇ ಹಣ ಕೂಡಿಸಿ ಕಿಟಕಿ ಮಾಡಿಸಿಕೊಟ್ಟರು ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದಾರೆ. ಹಾಗಿಲ್ಲ, ಇದು ಪಾದ್ರಿಗಳು ಬರೆಸಿದ ಚಿತ್ರವಷ್ಟೇ ಎಂದು ಈಚಿನ ಕೆಲವು ಇತಿಹಾಸಕಾರರ ವಾದ. ಯಾರೇ ಬರೆಸಿರಲಿ, ಬರೆದವನು ಆ ಕೆಲಸವನ್ನು ಹತ್ತಿರ ನಿಂತು ನೋಡಿದ್ದಾನೆ.

ಚಮ್ಮಾರರ ಚೌಕವೊಂದನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಒಳ್ಳೆಯ ಸಮಾರ್ಯದವನ ಕಥೆ ಹೇಳುವ ಕಿಟಕಿ ಅದು, ದಕ್ಷಿಣದ ಬದಿಯಲ್ಲಿದೆ. ಕಥೆ ನಿಮಗೆ ಗೊತ್ತಿರಬಹುದು, ದಾರಿಯಲ್ಲಿ ಪೆಟ್ಟು ತಿಂದು ಬಿದ್ದ ಪ್ರಯಾಣಿಕನನ್ನು ಪರಜಾತಿಯವನೊಬ್ಬ ಎತ್ತಿ ಉಪಚರಿಸುವುದು. ಆ ಕಿಟಕಿಯ ಬುಡದಲ್ಲಿ ಮೆಟ್ಟು ಹೊಲಿಯುವವರು ತಲೆ ಬಗ್ಗಿಸಿ ಕೂತಿದ್ದಾರೆ. ಬೈನಾಕ್ಯುಲರ್ ಹಿಡಿದು ಸೀಸದ ಗೆರೆಯನ್ನು ಹಿಂಬಾಲಿಸಿದೆ. ಗೆರೆ ಎಲ್ಲೂ ಸುಮ್ಮನೆ ಹೋಗುವುದಿಲ್ಲ. ಮೊಣಕಾಲು ಮಡಚಿದ ಕಡೆ ಗೆರೆ ಮಡಚುತ್ತದೆ, ತೋಳು ಮುಗಿಯುವಲ್ಲಿ ಗೆರೆ ಮುಗಿಯುತ್ತದೆ. ಮುಖದ ಮೇಲಿನ ಕಣ್ಣು, ಹುಬ್ಬು, ಬಟ್ಟೆಯ ನಿರಿಗೆ ಮಾತ್ರ ಕುಂಚದ್ದು. ಲೋಹದ ಪುಡಿಗೆ ಗಾಜಿನ ಪುಡಿ ಸೇರಿಸಿ ಅರೆದು, ದ್ರಾಕ್ಷಾರಸದಲ್ಲೋ ಮೂತ್ರದಲ್ಲೋ ಕಲಸಿ, ಬರೆದು, ಮತ್ತೆ ಕುಲುಮೆಗೆ ಹಾಕಿ ಸುಟ್ಟದ್ದು. ಗಾಜಿನೊಳಗೆ ಗುಳ್ಳೆಗಳಿವೆ. ಒಂದೇ ಚೂರಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ನನ್ನ ಅಂಗಡಿಯಲ್ಲಿ ಒಂದು ಗುಳ್ಳೆ ಕಂಡರೆ ಗಿರಾಕಿ ಗಾಜು ವಾಪಸ್ ಕೊಡುತ್ತಾರೆ, ನಾನೂ ಫ್ಯಾಕ್ಟರಿಗೆ ವಾಪಸ್ ಕಳಿಸುತ್ತೇನೆ. ಇಲ್ಲಿ ಬೆಳಕು ಆ ಗುಳ್ಳೆಯಲ್ಲೇ ಸಿಕ್ಕಿಕೊಂಡು ಒಡೆದು ಹೊಳೆಯುತ್ತದೆ. ಈಗಿನ ಫ್ಯಾಕ್ಟರಿಯ ನುಣುಪು ಫ್ಲೋಟ್ ಗಾಜಿನಲ್ಲಿ ಬೆಳಕು ನಿಲ್ಲುವುದೇ ಇಲ್ಲ, ಹಾದು ಹೋಗುತ್ತದೆ.

ಗಾಜಿನ ಕೆಲಸ ಮಾಡುವವನನ್ನು ಆ ಚೌಕಗಳಲ್ಲಿ ಹುಡುಕಿದೆ. ಎರಡು ದಿನ ಹುಡುಕಿದರೂ ನನಗೆ ಸಿಗಲಿಲ್ಲ. ಇಷ್ಟು ಮಾಡಿದವರ ಹೆಸರು ಕೂಡ ಉಳಿದಿಲ್ಲ. ಆದರೆ ರುವಾನ್ ಎಂಬ ಇನ್ನೊಂದು ಊರಿನ ಕೆಥೆಡ್ರಲ್‌ನ ಕಿಟಕಿಯೊಂದರಲ್ಲಿ ಒಬ್ಬ ಸಹಿ ಹಾಕಿದ್ದಾನೆ. ‘ಶಾರ್ತ್ರದ ಗಾಜಿನ ಕೆಲಸಗಾರ ಕ್ಲೆಮೆಂಟ್’ ಎಂದು. 13ನೇ ಶತಮಾನದ್ದು. ಪರಊರಿಗೆ ಹೋದಾಗ ತನ್ನ ಊರಿನ ಹೆಸರು ಸೇರಿಸಿ ಬರೆದ ಆ ಮನುಷ್ಯನ ಮೇಲೆ ನನಗೆ ತುಂಬ ಪ್ರೀತಿ ಬಂತು. ಈ ಸಲ ರುವಾನ್‌ಗೆ ಹೋಗಲು ಆಗಲಿಲ್ಲ.

ಮೂರು ದೊಡ್ಡ ಗುಲಾಬಿ ಕಿಟಕಿಗಳಿವೆ, ಪಶ್ಚಿಮ, ಉತ್ತರ, ದಕ್ಷಿಣ. ಪಶ್ಚಿಮದ್ದು ಸುಮಾರು 12 ಮೀಟರ್ ಅಗಲ. ಉತ್ತರದ್ದರಲ್ಲಿ ಆ ಕಾಲದ ಫ್ರಾನ್ಸಿನ ರಾಣಿ ಬ್ಲಾಂಶಳ ತವರಿನ ಕೋಟೆಯ ಗುರುತೂ ಫ್ರಾನ್ಸ್ ರಾಜಮನೆತನದ ಲಿಲ್ಲಿ ಹೂವಿನ ಗುರುತೂ ಇವೆ. ಎಲ್ಲರೂ ಫೋಟೋ ತೆಗೆಯುವುದು ಇವುಗಳನ್ನೇ. ಚೆಂದವೇ, ಆದರೆ ನನಗೆ ಕಿಟಕಿಗಳ ಬುಡವೇ ಸಾಕಾಗಿತ್ತು.

ನನ್ನ ಹೆಂಡತಿ ಮೆಚ್ಚಿದ್ದು ಬೇರೆ. ಪೂಜಾಸ್ಥಳದ ದಕ್ಷಿಣಕ್ಕೆ, ಪ್ರದಕ್ಷಿಣೆ ಹಾದಿಯಲ್ಲಿ ಒಂದು ಕಿಟಕಿ ಇದೆ, ‘ಸುಂದರ ಗಾಜಿನ ಮಾತೆ’ ಎಂದು ಹೆಸರು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಮರಿಯಮ್ಮ. ಆ ನಡುವಿನ ಭಾಗ ಸುಮಾರು 1180ರದ್ದು, ಅದೂ ಬೆಂಕಿಯಲ್ಲಿ ಉಳಿದದ್ದು. ಆಮೇಲೆ ಹೊಸ ಕಿಟಕಿಗೆ ಅದನ್ನು ಕೂರಿಸಿ ಸುತ್ತ ದೇವದೂತರನ್ನು ಸೇರಿಸಿದರು. ಹಿಂದೆ ಗಾಢ ಕೆಂಪು, ಅದರ ಮೇಲೆ ಅವಳ ಬಟ್ಟೆಯ ತಿಳಿನೀಲಿ. ಹೆಂಡತಿ ಅಲ್ಲಿ ಅರ್ಧ ಗಂಟೆ ಕೈಮುಗಿದು ನಿಂತಳು. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ.

ಶುಕ್ರವಾರ ಹೋದದ್ದು ಒಳ್ಳೆಯದಾಯಿತು. ನೆಲದ ಮೇಲೆ ಸುಮಾರು 13 ಮೀಟರ್ ಅಗಲದ ಒಂದು ವೃತ್ತಾಕಾರದ ಕಲ್ಲಿನ ಸುತ್ತುಹಾದಿ ಇದೆ. ಉಳಿದ ದಿನ ಕುರ್ಚಿಗಳ ಕೆಳಗೆ ಮುಚ್ಚಿರುತ್ತದೆ, ವರ್ಷದ ಕೆಲವು ತಿಂಗಳುಗಳಲ್ಲಿ ಶುಕ್ರವಾರ ಕುರ್ಚಿ ಸರಿಸುತ್ತಾರೆ. ದಾರಿ ತಪ್ಪಿಸುವ ಚಕ್ರವ್ಯೂಹವಲ್ಲ, ಒಂದೇ ಹಾದಿ, 260 ಮೀಟರ್ ಚಿಲ್ಲರೆ. ನಡುವಿಗೆ ಬಂದಿತು ಎನ್ನುವಷ್ಟರಲ್ಲಿ ಹೊರ ಅಂಚಿಗೆ ಕರೆದೊಯ್ಯುತ್ತದೆ. ನಾವು ಮೂವರೂ ಸಾಲಾಗಿ ನಡೆದೆವು. ಯಾರೂ ಮಾತಾಡಲಿಲ್ಲ.

ಇನ್ನು ಗೋಡೆಯ ವಿಷಯ. 2009ರಿಂದ ಹಂತಹಂತವಾಗಿ ಒಳಗಿನ ಗೋಡೆಯ ಮಸಿ ತೊಳೆದು, ಹಳೆಯ ಗಾರೆಯ ಕುರುಹು ನೋಡಿಕೊಂಡು ಕೆನೆ ಬಣ್ಣ ಕೊಟ್ಟಿದ್ದಾರೆ. 13ನೇ ಶತಮಾನದಲ್ಲಿ ಹೀಗೇ ಇತ್ತು ಎಂಬುದು ಮಾಡಿದವರ ಮಾತು. ಕತ್ತಲೆ ಹೋಯಿತು, ಗಾಜಿನ ಹೊಳಪು ತಗ್ಗಿತು ಎಂಬುದು ವಿರೋಧಿಸಿದವರ ಮಾತು. ಫ್ರೇಮ್ ಕಟ್ಟುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಒಂದೇ ಫೋಟೋಕ್ಕೆ ಕಪ್ಪು ಮೌಂಟ್ ಹಾಕಿ ನೋಡಿ, ಕೆನೆ ಮೌಂಟ್ ಹಾಕಿ ನೋಡಿ. ಕಪ್ಪಿನಲ್ಲಿ ಚಿತ್ರ ಉರಿದು ಮುಂದೆ ಬರುತ್ತದೆ. ಕೆನೆಯಲ್ಲಿ ಚಿತ್ರವೂ ಮನೆಯ ಗೋಡೆಯೂ ಒಂದಾಗುತ್ತವೆ. ಮಗಳು ತೋರಿಸಿದ ಹಳೆಯ ಫೋಟೋಗಳಲ್ಲಿ ಗೋಡೆ ಕಪ್ಪಿತ್ತು, ಕಿಟಕಿಗಳು ಉರಿಯುತ್ತಿದ್ದವು. ಹೋಗುವ ಮೊದಲು ನಾನೂ ಕಪ್ಪಿನ ಪರವಾಗಿದ್ದೆ. ಬಿಸಿಲು ಬಂದ ಶುಕ್ರವಾರ ಮಧ್ಯಾಹ್ನ ಕೆನೆ ಗೋಡೆಯ ಮೇಲೆ ಗಾಜಿನ ಬಣ್ಣ ತೆಳುವಾಗಿ ಹರಡಿತ್ತು. ಮೊದಲು ನನಗೆ ಅದು ನನ್ನ ಕಣ್ಣಿನ ದಣಿವೆನಿಸಿತು. ಕೈ ಚಾಚಿದರೆ ಅಂಗೈಯ ಮೇಲೂ ಬಂತು. ಕಪ್ಪು ಗೋಡೆ ಇದ್ದಿದ್ದರೆ ಅದು ಕಾಣುತ್ತಿರಲಿಲ್ಲ. ಆ ಮಸಿ ಮೋಂಬತ್ತಿಯ, ಧೂಪದ ಹೊಗೆಯದು, ಕಟ್ಟಿದವರು ಹಚ್ಚಿದ ಬಣ್ಣವಲ್ಲ. ತೊಳೆದದ್ದು ಸರಿ ಎಂಬುದಕ್ಕೆ ಬಂದೆ.

ಊಟದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎದುರಿನ ಒಂದು ಹೋಟೆಲಿನಲ್ಲಿ ಮೂರು ಕಾಫಿಗೆ ಕೊಟ್ಟ ಹಣದಲ್ಲಿ ನಮ್ಮಲ್ಲಿ ಎರಡು ಕೆಜಿ ಪುಡಿ ಬರುತ್ತಿತ್ತು, ಕಾಫಿಯೂ ಕಹಿ. ಮಗಳ ಮನೆಯಿಂದ ಕಟ್ಟಿಕೊಂಡು ಹೋದ ಅಕ್ಕಿರೊಟ್ಟಿ, ಎಳ್ಳಿನ ಚಟ್ನಿ ಬೆಂಚಿನ ಮೇಲೆ ಕೂತು ತಿಂದೆವು.

ಕೆಥೆಡ್ರಲ್‌ನ ಪಕ್ಕದಲ್ಲೇ ಹಿಂದೆ ಪಾದ್ರಿಗಳ ಕಣಜವಾಗಿದ್ದ ಹಳೆಯ ಕಟ್ಟಡದಲ್ಲಿ ಬಣ್ಣದ ಗಾಜಿನ ಅಂತರರಾಷ್ಟ್ರೀಯ ಕೇಂದ್ರವಿದೆ. ಟಿಕೆಟ್ ಕೊಟ್ಟು ಹೋಗಿ. ಮೇಲೆ ದೂರದಲ್ಲಿ ನೋಡಿದ್ದರ ಕೆಲಸವನ್ನು ಅಲ್ಲಿ ಕಣ್ಣ ಮಟ್ಟದಲ್ಲಿ ನೋಡಬಹುದು. ಆದರೆ ನನಗೆ ದೊಡ್ಡ ಭಾಗ್ಯ ಸಿಕ್ಕಿದ್ದು ಊರಿನ ಒಂದು ಸಣ್ಣ ಕಾರ್ಯಾಗಾರದಲ್ಲಿ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನನ್ನು ಒಳಗಿದ್ದ ಹಿರಿಯರು ಕರೆದರು. ಅಪ್ಪನೂ ಗಾಜಿನ ಕೆಲಸದವರು ಎಂದು ಮಗಳು ಫ್ರೆಂಚಿನಲ್ಲಿ ಹೇಳಿದಳು. ಅವರು ನನ್ನ ಬಲಗೈ ಹಿಡಿದು ತೋರುಬೆರಳಿನ ಪಕ್ಕದ ಗಡಸು ಮುಟ್ಟಿ ನೋಡಿ ನಕ್ಕರು, ತಮ್ಮ ಬೆರಳು ತೋರಿಸಿದರು. ಕಟರ್ ಒತ್ತುವ ಜಾಗ ಎಲ್ಲ ಕಡೆ ಒಂದೇ.

ಆಮೇಲೆ ಒಂದು ಕೆಂಪು ಚೂರನ್ನು ಅಂಚು ಮೇಲೆ ಮಾಡಿ ನನ್ನ ಕಣ್ಣ ಹತ್ತಿರ ಹಿಡಿದರು. ಇಡೀ ಗಾಜು ಕೆಂಪಲ್ಲ! ಬಿಳಿ, ಅಂದರೆ ಬಣ್ಣವಿಲ್ಲದ ಗಾಜಿನ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಕೆಂಪಿನ ಒಂದು ಪದರ. ತಾಮ್ರದಿಂದ ಬರುವ ಕೆಂಪು ಬಹಳ ಗಾಢ, ಇಡೀ ಗಾಜನ್ನು ಅದರಿಂದಲೇ ಮಾಡಿದರೆ ಬೆಳಕು ತೂರದೆ ಕಪ್ಪಾಗಿ ಕಾಣುತ್ತದೆ. ಅದಕ್ಕೇ ತೆಳು ಪದರ. ಎಂಟುನೂರು ವರ್ಷದ ಹಿಂದಿನವರಿಗೂ ಈ ಉಪಾಯ ಗೊತ್ತಿತ್ತು. ಮೂವತ್ತೊಂದು ವರ್ಷ ಗಾಜು ಮುಟ್ಟಿದವನು ನಾನು, ನನಗೆ ಗೊತ್ತಿರಲಿಲ್ಲ.

ಒಡೆದದ್ದನ್ನು ಏನು ಮಾಡುತ್ತೀರಿ ಎಂದು ಕೇಳಿಸಿದೆ. ಬಿಸಾಡುವುದಿಲ್ಲ ಎಂದರು. ಬಿರುಕಿನ ಗುಂಟ ಒಂದು ತೆಳು ಸೀಸದ ಪಟ್ಟಿ ಕೊಟ್ಟು ಬೆಸೆಯುವುದು ಹಳೆಯ ಪದ್ಧತಿ, ಈಗ ಅಂಚಿಗೆ ಅಂಚು ಅಂಟಿಸುವುದೂ ಇದೆ. ಕಿಟಕಿಗಳಲ್ಲಿ ಮುಖದ ಮೇಲೆ, ಕೈಯ ಮೇಲೆ ಅರ್ಥವಿಲ್ಲದೆ ಹಾದುಹೋದ ಕೆಲವು ಕಪ್ಪು ಗೆರೆಗಳನ್ನು ನೋಡಿದ್ದೆ. ಅವು ಚಿತ್ರದ ಗೆರೆಯಲ್ಲ, ರಿಪೇರಿಯ ಗೆರೆ ಎಂದು ಆಗ ಗೊತ್ತಾಯಿತು. ಸೀಸದ ಪಟ್ಟಿ ನೂರು, ನೂರೈವತ್ತು ವರ್ಷಕ್ಕೆ ಸುಸ್ತಾಗುತ್ತದಂತೆ. ಅಂದರೆ ಈ ಗಾಜನ್ನು ತಲೆಮಾರಿನಿಂದ ತಲೆಮಾರಿಗೆ ಯಾರೋ ಕೆಳಗಿಳಿಸಿ, ಬಿಚ್ಚಿ, ತೊಳೆದು, ಮತ್ತೆ ಕಟ್ಟಿ ಮೇಲೇರಿಸಿದ್ದಾರೆ. ಎರಡು ಮಹಾಯುದ್ಧಗಳಲ್ಲೂ ಬಾಂಬಿಗೆ ಹೆದರಿ ಕಿಟಕಿಗಳನ್ನು ಇಳಿಸಿ ಪೆಟ್ಟಿಗೆಗೆ ತುಂಬಿ ಬಚ್ಚಿಟ್ಟಿದ್ದರು. ಪುಟ್ಟಿ ಒಣಗಿದ ಒಂದೇ ಒಂದು ಗಾಜನ್ನು ಒಡೆಯದೆ ಬಿಡಿಸಲು ನನಗೆ ಒಂದು ಗಂಟೆ ಹಿಡಿಯುತ್ತದೆ. 1944ರ ಆಗಸ್ಟ್‌ನಲ್ಲಿ ಗೋಪುರದಲ್ಲಿ ಶತ್ರುಗಳಿದ್ದಾರೆಂದು ಅಮೆರಿಕದ ಸೈನ್ಯ ಶೆಲ್ ಹಾಕಲು ಸಿದ್ಧವಾಗಿತ್ತು. ವೆಲ್ಬಾರ್ನ್ ಗ್ರಿಫಿತ್ ಎಂಬ ಅಧಿಕಾರಿ ತಾನೇ ಒಳಗೆ ಹೋಗಿ ನೋಡಿ ಯಾರೂ ಇಲ್ಲ ಎಂದು ತಿಳಿಸಿದ, ಆಜ್ಞೆ ಹಿಂದಕ್ಕೆ ಹೋಯಿತು. ಅದೇ ದಿನ ಪಕ್ಕದ ಲೆವ್ ಎಂಬ ಊರಿನಲ್ಲಿ ಆತ ಗುಂಡೇಟಿಗೆ ಸತ್ತ. ಸೈನಿಕರ ಜಿಲ್ಲೆಯವರಾದ ನಾವು ಆ ಹೆಸರು ನೆನಪಿಡಬೇಕು.

ಸಮಯದ ಬಗ್ಗೆ ಒಂದು ಸಲಹೆ ಕೊಟ್ಟು ಮುಗಿಸುತ್ತೇನೆ. ಒಂದು ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಪೂರ್ವದ ಕಿಟಕಿ, ಮಧ್ಯಾಹ್ನ ದಕ್ಷಿಣದ್ದು, ಸಂಜೆ ಪಶ್ಚಿಮದ ಆ ಮೂರು. ಸೂರ್ಯ ಹೋದ ಹಾಗೆ ನೀವೂ ಕುರ್ಚಿ ಬದಲಿಸಬೇಕು. ಶುಕ್ರವಾರ ಸಂಜೆ ಬಾಗಿಲು ಹಾಕುವವರೆಗೂ ಜೆಸ್ಸೆಯ ಮರದ ಮುಂದೆ ಕೂತಿದ್ದೆವು. ಹೊರಗೆ ಬಂದು ತಿರುಗಿ ನೋಡಿದರೆ ಅದೇ ಕಿಟಕಿ ಕಪ್ಪು. ಕಬ್ಬಿಣದ ಸರಳು, ಸೀಸ, ಮಂಕು ಗಾಜು, ಅಷ್ಟೇ. ರಾತ್ರಿ ಊರಿನ ಕಟ್ಟಡಗಳ ಮೇಲೆ ಬಣ್ಣದ ದೀಪದ ಚಿತ್ರ ಬಿಡುತ್ತಾರೆ, ಮಕ್ಕಳಿರುವವರು ನೋಡಿ.

ಊರಿಗೆ ಬಂದು ಅಂಗಡಿ ತೆರೆದ ಎರಡನೇ ವಾರ ಅಮ್ಮತ್ತಿ ಕಡೆಯ ಒಂದು ತೋಟದ ಬಂಗಲೆಯಿಂದ ಕರೆ ಬಂತು. ಜಗಲಿಯ ಬಾಗಿಲಿನ ಮೇಲೆ ಬ್ರಿಟಿಷರ ಕಾಲದ ಒಂಬತ್ತು ಬಣ್ಣದ ಗಾಜು, ಎರಡು ಬಿರುಕು ಬಿಟ್ಟಿವೆ. ಎಲ್ಲ ತೆಗೆದು ಅಲ್ಯುಮಿನಿಯಂ ಸ್ಲೈಡಿಂಗ್ ಹಾಕಿಕೊಡಿ ಎಂದರು. ಮೊದಲಾಗಿದ್ದರೆ ಅಳತೆ ತೆಗೆದುಕೊಂಡು ಬರುತ್ತಿದ್ದೆ. ಈ ಸಲ ಒಂದು ಕೆಂಪು ಗಾಜನ್ನು ಬಿಡಿಸಿ ಅಂಚು ತಿರುಗಿಸಿ ಮನೆಯ ಯಜಮಾನರಿಗೆ ತೋರಿಸಿದೆ. ಬಿಳಿಯ ಮೇಲೆ ತೆಳು ಕೆಂಪು ಪದರ, ಹಾಗೇ ಇತ್ತು. ಅವರು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ‘ಹಾಗಾದರೆ ಇದನ್ನೇ ಸರಿಮಾಡಿ’ ಎಂದರು. ಹಳೆಯ ಪುಟ್ಟಿ ಕೆರೆದು ಏಳನ್ನು ಕೂರಿಸಿಕೊಟ್ಟೆ, ಮೂರು ದಿನ ಹಿಡಿಯಿತು. ಬಿರುಕಿನ ಎರಡು ನನ್ನ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿ ಇವೆ. ಡಿಸೆಂಬರ್‌ನಲ್ಲಿ ಬರುವಾಗ ಆ ಕಾರ್ಯಾಗಾರದಿಂದ ಎರಡು ಮೀಟರ್ ಸೀಸದ ಪಟ್ಟಿ ತರಲು ಮಗಳಿಗೆ ಹೇಳಿದ್ದೇನೆ.